ಹೇಳಿದ್ದಕ್ಕೇ ಹಾರ

ಚಪ್ಪಾಳೆಯ ಸದ್ದು ಕೇಳಿದರೆ ಈಚೆಗೆ ನನಗೆ ಸುಸ್ತಾಗುತ್ತದೆ. ಬೇರೆಯವರಿಗೆ ಅದರಿಂದ ಹುರುಪು ಬರುತ್ತದಂತೆ. ನನಗೆ ಮಾತ್ರ ಎಲ್ಲಾದರೂ ಗೋಡೆಗೆ ಒರಗಿ ಕೂರೋಣ ಅನ್ನಿಸುತ್ತದೆ. ವಯಸ್ಸಿನ ದೋಷವಿರಬಹುದು, ಇಲ್ಲವೇ ಸಮಾಜ ವಿಜ್ಞಾನ ಪಾಠ ಮಾಡುವವರಿಗಷ್ಟೇ ತಗಲುವ ಕಾಯಿಲೆಯಿರಬಹುದು. ಟೀವಿಯಲ್ಲಿ ಯಾವುದೋ ದೂರದೇಶದ ಸಭಾಂಗಣ ತೋರಿಸುತ್ತಾರೆ. ಶ್ರೀಮಂತ ದೇಶಗಳ ನಾಯಕರು ಒಬ್ಬೊಬ್ಬರಾಗಿ ಎದ್ದುಬಂದು, ಬಡ ದೇಶಗಳಿಗೆ ಇಷ್ಟು ಕೊಡುತ್ತೇವೆ, ಅಷ್ಟು ಕೊಡುತ್ತೇವೆ ಅನ್ನುತ್ತಾರೆ. ಚಪ್ಪಾಳೆ. ಫೋಟೊ. ಆಮೇಲೆ ಎಲ್ಲರೂ ಕೈಕುಲುಕಿ ಊಟಕ್ಕೆ ಹೊರಡುತ್ತಾರೆ. ಬಡ ದೇಶದ ಪ್ರತಿನಿಧಿಯೂ ಅವರ ಹಿಂದೆಯೇ ಹೋಗುತ್ತಾನೆ. ಸದ್ಯಕ್ಕೆ ಅವನಿಗೆ ಖಾತ್ರಿಯಾಗಿ ಸಿಗುವುದು ಆ ಊಟವೊಂದೇ. ಗೋಪಿನಾಥಂನಲ್ಲಿರುವ ನನ್ನ ಷಡ್ಡಕನ ರೀತಿಯೇ ವಾಸಿ. ಬಸ್ಸು ಬರುತ್ತೆ ಅಂತ ಯಾರು ಹೇಳಿದರೂ ಅವನು ಚೀಲ ಎತ್ತುವುದಿಲ್ಲ. ಬಸ್ಸು ಕಣ್ಣಿಗೆ ಕಂಡ ಮೇಲಷ್ಟೇ ಎತ್ತುತ್ತಾನೆ.

ನಾನಿರುವುದು ಕೊಳ್ಳೇಗಾಲದಲ್ಲಿ, ಕೆಲಸ ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಅಗರದ ಬಸ್ಸು ಹಿಡಿದು, ಇಳಿದು, ಬಿಸಿಲಲ್ಲಿ ಇನ್ನೊಂದಿಷ್ಟು ನಡೆಯಬೇಕು. ಊರಿನ ಹೆಸರು ಬೇಡ, ಅಲ್ಲಿ ನಾನಿನ್ನೂ ಕೆಲಸ ಮಾಡಬೇಕಾಗಿದೆ. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಈ ಅಂತರರಾಷ್ಟ್ರೀಯ ನೆರವಿನ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದೆ. ಮುಂದಿನ ಬೆಂಚಿನ ಕಾವ್ಯ ಎದ್ದು ನಿಂತು, "ಸಾ, ಕೊಡ್ತೀವಿ ಅಂದೋರು ಕೊಟ್ರಾ?" ಅಂದಳು. ಒಳ್ಳೆಯ ಪ್ರಶ್ನೆ ಕೇಳುವ ಮಕ್ಕಳಿಂದ ನಮ್ಮಂಥವರಿಗೆ ತೊಂದರೆ ಹೆಚ್ಚು. ಕೊಟ್ಟವರೂ ಇದ್ದಾರಮ್ಮ, ಅದರಿಂದ ಎಷ್ಟೋ ಮಕ್ಕಳಿಗೆ ಲಸಿಕೆ ಸಿಕ್ಕಿದೆ, ಅನ್ನ ಸಿಕ್ಕಿದೆ ಅಂದೆ. ಅರ್ಧ ಕೊಟ್ಟು ಸುಮ್ಮನಾದವರಿದ್ದಾರೆ, ಹೋದ ಸಲ ಹೇಳಿದ್ದನ್ನೇ ಈ ಸಲ ಹೊಸದೆಂಬಂತೆ ಹೇಳಿದವರಿದ್ದಾರೆ, ಕೊಟ್ಟ ಹಣದಲ್ಲಿ ತಮ್ಮ ದೇಶದ ಸಾಮಾನನ್ನೇ ಕೊಳ್ಳಬೇಕು ಎಂದವರೂ ಇದ್ದಾರೆ ಅಂದೆ. ಅವಳು ಸ್ವಲ್ಪ ಯೋಚಿಸಿ, "ನಮ್ ನಂಜಪ್ನೋರ ಟ್ಯಾಂಕ್ ತರನಾ ಸಾ?" ಅಂದಳು. ತರಗತಿಯೆಲ್ಲ ನಕ್ಕಿತು. ಪಠ್ಯಪುಸ್ತಕದಲ್ಲಿ ಇಷ್ಟು ಚೊಕ್ಕಟವಾದ ಉದಾಹರಣೆ ಇರಲಿಲ್ಲ.

ಆ ಟ್ಯಾಂಕಿನ ಕಥೆ ಹೇಳಬೇಕು. ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು ಮಹದೇವಮ್ಮ. ಅಕ್ಕಿ, ಬೇಳೆ ಸರಿಯಾಗಿ ಬರುತ್ತವೆ, ನೀರು ಬರುವುದಿಲ್ಲ. ರಸ್ತೆಯಾಚೆ ಬೀದಿಯ ನೀರಿನ ತೊಂಬೆಯಲ್ಲಿ ನಲ್ಲಿ ತಿರುಗಿಸಿ, ಬಿಂದಿಗೆ ತುಂಬಿಸಿಕೊಂಡು, ಲಾರಿ ಹೋಗುವುದನ್ನು ನೋಡಿಕೊಂಡು ದಾಟಿ ಬರಬೇಕು. ಅನ್ನಕ್ಕೆ, ಸಾರಿಗೆ, ಪಾತ್ರೆಗೆ, ಮಕ್ಕಳು ಕುಡಿಯುವುದಕ್ಕೆ ಎಲ್ಲಕ್ಕೂ ಅದೇ. ಆಕೆಯ ಮಂಡಿ ಮೂರು ವರ್ಷದಿಂದ ಊದಿಕೊಂಡಿದೆ. ನೋಡಲಾಗದೆ ನಾನೂ ಮುಖ್ಯೋಪಾಧ್ಯಾಯರೂ ಊರವರನ್ನು ಕಾಡಿ ಬೇಡಿ ಶಾಲೆಯ ಪಕ್ಕದಲ್ಲಿ ಒಂದು ಕಟ್ಟೆ ಕಟ್ಟಿಸಿ, ನಲ್ಲಿಗಳನ್ನೂ ಕೂರಿಸಿದೆವು. ಮೇಲೊಂದು ಟ್ಯಾಂಕು ಇಟ್ಟು ಬೀದಿಯ ಲೈನಿನಿಂದ ಪೈಪು ಎಳೆದರೆ ಮುಗಿಯಿತು. ಅಷ್ಟರಲ್ಲಿ ವಾರ್ಷಿಕೋತ್ಸವ ಬಂತು, ಕೊಳ್ಳೇಗಾಲದ ವ್ಯಾಪಾರಸ್ಥರಾದ ನಂಜಪ್ಪನವರು ಅತಿಥಿಯಾಗಿ ಬಂದರು, ಮೈಕ್ ಹಿಡಿದು "ಆ ಟ್ಯಾಂಕು ನಂದು!" ಅಂದುಬಿಟ್ಟರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಕೊಡುತ್ತೇನೆ ಅಂದ ಕೂಡಲೇ ಸನ್ಮಾನ ಆಗಬೇಕು. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ವೇದಿಕೆಯ ಹಿಂದೆ ಸಿದ್ಧವಾಗಿಯೇ ಇರುತ್ತವೆ, ಬಾಯಿಂದ ಮಾತು ಬೀಳುವುದನ್ನೇ ಕಾಯುತ್ತಿರುತ್ತವೆ. ಕೊಟ್ಟಾದ ಮೇಲೆ ಸನ್ಮಾನ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಆಗ ವೇದಿಕೆಯೂ ಇರುವುದಿಲ್ಲ, ಮೈಕೂ ಇರುವುದಿಲ್ಲ. ನಮ್ಮ ಮುಖ್ಯೋಪಾಧ್ಯಾಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾರನೆಯ ದಿನವೇ ಪೇಂಟರನ್ನು ಕರೆಸಿ, ಕಟ್ಟೆಯ ಗೋಡೆಯ ಮೇಲೆ 'ಶುದ್ಧ ಕುಡಿಯುವ ನೀರಿನ ಘಟಕ, ದಾನಿಗಳು: ಶ್ರೀ ನಂಜಪ್ಪನವರು' ಎಂದು ನೀಲಿ ಬಣ್ಣದಲ್ಲಿ ಬರೆಸಿದರು. "ಎಸ್ರು ಬರ್ಸ್‌ಬುಟ್ರೆ ಅವರ್ಗೇ ನಾಚ್ಕೆ ಆಗಿ ತಂದ್ಕೊಡ್ತಾರೆ ಕಣ್ರಿ" ಎಂಬುದು ಅವರ ಲೆಕ್ಕಾಚಾರ. ನಂಜಪ್ಪನವರು ಬಂದು ನೋಡಿದರು. ನಾಚಿಕೊಳ್ಳಲಿಲ್ಲ. ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮುಂದಿನ ವಾರ್ಷಿಕೋತ್ಸವಕ್ಕೂ ಅವರನ್ನೇ ಕರೆದೆವು, ನೆನಪಾಗಲಿ ಎಂದು. ನೆನಪಾಯಿತು. ಟ್ಯಾಂಕಿನ ಜೊತೆಗೆ ಫಿಲ್ಟರನ್ನೂ ಕೊಡುವುದಾಗಿ ಹೇಳಿ ಇನ್ನೊಂದು ಶಾಲು ಹೊದ್ದು ಹೋದರು.

ನೀರು ಬರದಿದ್ದರೆ ಹೋಗಲಿ, ಇದ್ದ ದಾರಿಯೂ ಮುಚ್ಚಿಹೋಯಿತು. ಶಾಲೆಗಳಿಗೆ ಟ್ಯಾಂಕು ಹಂಚುವ ಸಂಸ್ಥೆಯೊಂದರಿಂದ ನೋಡಿಹೋಗಲು ಬಂದವರೊಬ್ಬರು ಗೋಡೆ ಓದಿ, "ನಿಮ್ಗೆ ದಾನಿಗಳವ್ರಲ್ಲ ಸಾ, ಇಲ್ದೇ ಇರೋ ಸ್ಕೂಲ್ಗೆ ಕೊಡ್ತೀವಿ ಬುಡಿ" ಎಂದು ಬೈಕ್ ತಿರುಗಿಸಿದರು. ಆಮೇಲೆ ಕಾಮಗೆರೆಯ ರೈತರು ಶಿವಮಲ್ಲಪ್ಪ ಬಂದರು. ಅವರ ಮೊಮ್ಮಗಳು ನಮ್ಮಲ್ಲೇ ಓದುತ್ತಾಳೆ. ಯಾರಿಗೂ ಏನೂ ಹೇಳದೆ, ಲಗೇಜ್ ಆಟೊದಲ್ಲಿ ಹೊಸ ಕಪ್ಪು ಟ್ಯಾಂಕು ಹಾಕಿಕೊಂಡೇ ಬಂದುಬಿಟ್ಟಿದ್ದರು. ನಾನು ಓಡಿಹೋಗಿ ಕೈಹಿಡಿದೆ. ಅವರು ಗೋಡೆ ನೋಡಿ ನಿಂತುಬಿಟ್ಟರು. "ಇದೇನ್ ಸಾ, ಆಗ್ಲೇ ಕೊಟ್ಟವ್ರೆ?" ಅಂದರು. ಇನ್ನೂ ಕೊಟ್ಟಿಲ್ಲ ಎಂದು ವಿವರಿಸಿದೆ. "ಮತ್ತ್ ಎಸ್ರು ಅದೆ? ಇನ್ನೊಬ್ರು ಎಸ್ರಿರೋ ಜಾಗ್ದಲ್ಲಿ ನಾ ಇಟ್ರೆ ಅವರ್ಗ್ ಅವಮಾನ ಅಲ್ವಾ? ಬ್ಯಾಡಿ ಸಾ, ಮನಸ್ತಾಪ ಯಾಕೆ" ಎಂದರು. ಸುಣ್ಣ ಬಳಿದು ಹೆಸರು ಅಳಿಸಿಬಿಡೋಣ ಎಂದು ನಾನು ಮುಖ್ಯೋಪಾಧ್ಯಾಯರ ಕಾಲು ಹಿಡಿಯುವುದೊಂದು ಬಾಕಿ. ಅವರು, "ಅಳ್ಸಿದ್ಮೇಲೆ ನಂಜಪ್ನೋರು ಟ್ಯಾಂಕ್ ತಂದ್ಬುಟ್ರೆ ಏನ್ ಗತಿ?" ಅಂದರು. ಆಟೊ ಟ್ಯಾಂಕಿನ ಸಮೇತ ಹನೂರಿನ ಕಡೆಯ ಬೇರೊಂದು ಶಾಲೆಗೆ ಹೋಯಿತು. ಅಲ್ಲಿ ಈಗ ನೀರು ಬರುತ್ತಿದೆಯಂತೆ. ನನಗೆ ಅಳು ಬಂದಿತ್ತು, ನಿಜವಾಗಿಯೂ.

ಈ ಸಲದ ವಾರ್ಷಿಕೋತ್ಸವದಲ್ಲಿ ನನ್ನದೂ ಭಾಷಣವಿತ್ತು. ಆ ಆಟೊ ವಾಪಸು ಹೋದ ಸಿಟ್ಟು ಇನ್ನೂ ಆರಿರಲಿಲ್ಲ. ಬಡ ದೇಶಗಳನ್ನು ಕೆಡಿಸುವುದು ಕೊಡದೇ ಇರುವವರಲ್ಲ, ಕೊಡುತ್ತೇವೆಂದು ಜಾಗ ಹಿಡಿದು ಕೂತವರು ಎಂದೆ. ನಂಜಪ್ಪನವರು ವೇದಿಕೆಯ ಮೇಲೇ ಇದ್ದರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಬೇರೆ ದೇಶದವರ ವಿಷಯ ಅಂದುಕೊಂಡರೋ ಏನೋ. ಆ ಚಪ್ಪಾಳೆಗೆ ನನ್ನ ತಲೆ ಕೆಟ್ಟಿತು. "ಯಾರೂ ಬೇಡ, ಈ ಶಾಲೆಗೆ ಟ್ಯಾಂಕು ನಾನೇ ಇಡಿಸ್ತೀನಿ!" ಎಂದು ಕೂಗಿಬಿಟ್ಟೆ. ಮಾತು ಮುಗಿಯುವುದರೊಳಗೆ ಹೆಗಲ ಮೇಲೆ ಶಾಲು ಬಿತ್ತು, ಕೊರಳಿಗೆ ಹಾರ ಬಿತ್ತು. ಹೊದಿಸಿದವರು ನಂಜಪ್ಪನವರೇ.

ಈಗ ಹೇಳುವುದನ್ನು ನಂಬುತ್ತೀರೋ ಇಲ್ಲವೋ. ಶಾಲು ಬಿದ್ದ ಕ್ಷಣವೇ ಎದೆ ಹಗುರವಾಯಿತು, ಕೊಟ್ಟೇ ಆಯಿತು ಅನ್ನಿಸಿತು. ಆ ಸುಖದಲ್ಲಿ ಕೆಲವು ವಾರ ಕಳೆದವು. ಕೊಳ್ಳೇಗಾಲದ ಅಂಗಡಿಯೊಂದಕ್ಕೆ ಹೋಗಿ ವಿಚಾರಿಸಿಯೂ ಬಂದೆ. "ಎಷ್ಟ್ ಲೀಟರ್‌ದು ಸಾರ್?" ಎಂದು ಅಂಗಡಿಯವನು ಕೇಳಿದ. "ಸಮಿತಿಯಲ್ಲಿ ಚರ್ಚೆ ಮಾಡಿ ತಿಳಿಸ್ತೀವಿ" ಎಂಬ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಯಾವ ಸಮಿತಿ ಎಂದು ಅವನು ಕೇಳಲಿಲ್ಲ, ಪುಣ್ಯಕ್ಕೆ. ಅಷ್ಟರಲ್ಲಿ ಮುಖ್ಯೋಪಾಧ್ಯಾಯರು ಪೇಂಟರನ್ನು ಕರೆಸಿ, ಗೋಡೆಯಲ್ಲಿ ನಂಜಪ್ಪನವರ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸಿದ್ದರು.

ಅಂದಿನಿಂದ ನಾನು ಶಾಲೆಗೆ ಅಡುಗೆಮನೆಯ ಹಿಂದಿನಿಂದ ಹೋಗುತ್ತೇನೆ. ಮೊನ್ನೆ ಬಿಸಿಲಲ್ಲಿ ನಡೆದು ಹಾಗೇ ನುಸುಳುತ್ತಿದ್ದಾಗ ಮಹದೇವಮ್ಮ ಎದುರಾದರು, ಸೊಂಟದ ಮೇಲೆ ಬಿಂದಿಗೆ. ಇಳಿಸಿ, ಮಂಡಿ ನೀವಿಕೊಂಡು ನನ್ನ ಮುಖ ನೋಡಿದರು. "ಯಾಕ್ ಸಾ ಇಂಗ್ ಇತ್ಲಾಗಿಂದ ಬತ್ತೀರಿ? ಟ್ಯಾಂಕಿನ್ ಇಚಾರಕ್ಕಾ? ಬುಡಿ, ಬೇಜಾರ್ ಮಾಡ್ಕಬ್ಯಾಡಿ. ನೀವಾರ ಬಾಯ್ಬುಟ್ಟು ಯೋಳುದ್ರಲ್ಲ, ಅಷ್ಟೇ ನಮ್ಗೆ ಸಂತೋಸ" ಅಂದರು. ನಾನು ಬೆವರುತ್ತಿರುವುದನ್ನು ಕಂಡು, ಹೊತ್ತು ತಂದ ಬಿಂದಿಗೆಯಿಂದಲೇ ಒಂದು ಲೋಟ ನೀರು ಬಗ್ಗಿಸಿಕೊಟ್ಟರು. ಬೇಡ ಅನ್ನಬೇಕಿತ್ತು. ಗಟಗಟ ಕುಡಿದೆ. ತಣ್ಣಗಿತ್ತು, ಇನ್ನೊಂದು ಲೋಟ ಕೇಳಿದೆ.