ತಳ್ಳದೆ ಓಡಬೇಕಿದ್ದ ಕಾರು

ಬೇರೆಯವರ ಮನೆಯ ಕಾರು ಓಡುತ್ತದೆ, ಇಲ್ಲವೇ ಕೆಡುತ್ತದೆ. ನಮ್ಮ ಮನೆಯ ಕಾರಿಗೆ ಮಾತ್ರ ಈ ಎರಡನ್ನೂ ಬಿಟ್ಟು ಮೂರನೆಯದೇನಾದರೂ ಆಗುತ್ತಲೇ ಇರುತ್ತಿತ್ತು. ಆದಾಗಲೆಲ್ಲ ನೋಡಲು ಜನ ಸೇರುತ್ತಿದ್ದರು.

ಅರವತ್ತರ ದಶಕದ ಕೊನೆಯ ಮಾತು. ವಿಮಾ ಕಚೇರಿಯಲ್ಲಿ ಇನ್‌ಸ್ಪೆಕ್ಟರಾಗಿದ್ದ ನಾನು ಮೈಸೂರಿನಿಂದ ಬರೋಡಕ್ಕೆ ವರ್ಗವಾಗಿ ಬಂದಿದ್ದೆ. ಒಂದು ದಿನ ಹಳೆಯ ಸಣ್ಣ ಸಂಸ್ಥಾನವೊಂದರ ಠಾಕೂರರಿಗೆ ವಿಮೆ ಮಾಡಿಸಲು ಹೋದೆ. ಅವರು ವಿಮೆ ಮಾಡಿಸಲಿಲ್ಲ. ಕುದುರೆ ಲಾಯದಲ್ಲಿ ಧೂಳು ತಿನ್ನುತ್ತಿದ್ದ ತಮ್ಮ ಎರಡು ಸೀಟಿನ, ಮೇಲೆ ಮುಚ್ಚಿಗೆಯಿಲ್ಲದ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ನನ್ನ ತಲೆಗೆ ಕಟ್ಟಿದರು. "ಇಂಥದ್ದು ಗುಜರಾತಿನಲ್ಲೇ ಇದೊಂದೇ" ಅಂದರು. ನಾನು ಹಿಗ್ಗಿಹೋದೆ. ಒಂದೇ ಇದ್ದರೆ ಅದರ ಬಿಡಿಭಾಗಗಳೂ ಒಂದೊಂದೇ ಇರುತ್ತವೆ ಎನ್ನುವುದು ಆಗ ಹೊಳೆಯಲಿಲ್ಲ.

ಮಂಜಲ್‌ಪುರದ ಕಡೆ ಹೊಸದಾಗಿ ಎದ್ದ ಹೌಸಿಂಗ್ ಸೊಸೈಟಿಯೊಂದರಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ದಿನಾ ಬೆಳಿಗ್ಗೆ ಅಕ್ಕಪಕ್ಕದ ಗಂಡಸರು ಚಹಾ ಕುಡಿದು, ಐದಾರು ಜನ ಸೇರಿ ನನ್ನ ಕಾರನ್ನು ಗೇಟಿನವರೆಗೆ ತಳ್ಳಿ, ಅದು ಕೆಮ್ಮಿ ಎಚ್ಚರಗೊಂಡ ಮೇಲೆ ಕೈ ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಹೆಂಡತಿಗೆ ಇದರಿಂದ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಕಾರು ಬಂದ ವರ್ಷವೇ ದೀಪಾವಳಿಯ ಮಾರನೆಯ ದಿನ ಷರತ್ತು ಹಾಕಿದಳು. "ನೋಡೀಂದ್ರೆ, ಮುಂದಿನ ದೀಪಾವಳಿಯೊಳಗೆ ನನ್ನನ್ನ ಇದರಲ್ಲಿ ಆ ಕಾಳಿಯಮ್ಮನ ಬೆಟ್ಟಕ್ಕೆ, ಪಾವಾಗಢಕ್ಕೆ, ಕರಕೊಂಡು ಹೋಗಿ ವಾಪಸ್ಸು ತರಬೇಕು. ಮನೆ ಬಿಟ್ಟಲ್ಲಿಂದ ಮನೆ ಸೇರೋವರೆಗೆ ಒಬ್ಬರೂ ತಳ್ಳಕೂಡದು. ತಳ್ಳಿದರೋ, ನಿಮ್ಮ ಡಬ್ಬ ಗುಜರಿಯವನಿಗೆ."

ಗುಜರಿಯವನು ಆಗಲೇ ಬಂದು ಕಾರನ್ನು ಒಂದು ಸುತ್ತು ಹಾಕಿ ನೋಡಿಕೊಂಡು ಹೋಗಿದ್ದ.

ಬಾಟಲಿ

ಮೊದಲು ಬ್ರೇಕು. ಅದಕ್ಕೆ ಬೇಕಾದ ಎಣ್ಣೆ ಬರೋಡದಲ್ಲಿ ಸಿಗಲಿಲ್ಲವೆಂದು ಬೊಂಬಾಯಿಗೆ ಹೋದಾಗ ತಂದೆ. ಅಂಗಡಿಯವನ ಹತ್ತಿರ ಡಬ್ಬ ಇರಲಿಲ್ಲ. ಮೂಲೆಯಲ್ಲಿದ್ದ ಖಾಲಿ ಬಾಟಲಿಯೊಂದನ್ನು ತೊಳೆದು ಅದರಲ್ಲಿ ತುಂಬಿಕೊಟ್ಟ. ಬಾಟಲಿಯ ಮೇಲೆ ಲಂಗ ತೊಟ್ಟ ಗಡ್ಡದ ಸಿಪಾಯಿಯೊಬ್ಬನ ಚಿತ್ರವಿತ್ತು. ಚೆನ್ನಾಗಿದೆ, ಎಣ್ಣೆ ಖಾಲಿಯಾದ ಮೇಲೆ ಮನೆಯಲ್ಲಿ ಜೇನುತುಪ್ಪ ಹಾಕಿಡಲು ಆಗುತ್ತದೆ ಎಂದುಕೊಂಡೆ. ಅದು ಸ್ಕಾಟ್ಲೆಂಡಿನ ವಿಸ್ಕಿಯ ಬಾಟಲಿ ಎಂದು ಗೊತ್ತಾಗಲು ನಾನು ಯಾವತ್ತಾದರೂ ಅದನ್ನು ಹತ್ತಿರದಿಂದ ನೋಡಿರಬೇಕಲ್ಲ!

ಪಾನನಿರೋಧದ ರಾಜ್ಯ. ಬರೋಡ ಸ್ಟೇಷನ್ನಿನಲ್ಲಿ ಕಾನ್‌ಸ್ಟೇಬಲ್ ಒಬ್ಬ ನನ್ನ ಚೀಲ ಬಿಚ್ಚಿಸಿದ. ಬಾಟಲಿ ಕಂಡದ್ದೇ ಅವನ ಮೀಸೆ ಅರಳಿತು.

"ಆ ಶು ಛೇ, ಸಾಹೇಬ್? ಏನಿದು?"

"ಬ್ರೇಕಿಗೆ ಹಾಕೋ ಎಣ್ಣೆ."

"ಹೋದ ವಾರ ಒಬ್ಬ ಗಂಗಾಜಲ ಅಂದಿದ್ದ" ಎಂದವನೇ ಬಿರಡೆ ತೆಗೆದು ಮೂಸಿದ. ವಾಸನೆ ಅರ್ಥವಾಗಲಿಲ್ಲ. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೇಬಿಟ್ಟ. ಆಗಿನ ಬ್ರೇಕ್ ಎಣ್ಣೆಯಲ್ಲಿ ಅರ್ಧಕ್ಕರ್ಧ ಹರಳೆಣ್ಣೆ ಇರುತ್ತಿತ್ತು. ಅವನ ಮುಖ ಹಿಂಡಿದ ನಿಂಬೆಹೋಳಾಯಿತು. ಥೂ ಥೂ ಎಂದು ಉಗಿದು, ಕೂಜೆಯ ನೀರಿನಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದ. ಕಣ್ಣಲ್ಲಿ ನೀರು. ಚಿಕ್ಕಂದಿನಲ್ಲಿ ಅವನ ತಾಯಿ ಪ್ರತಿ ತಿಂಗಳೂ ಮೂಗು ಹಿಡಿದು ಕುಡಿಸುತ್ತಿದ್ದಳಂತೆ.

ಬಾಟಲಿಯನ್ನು ತಾನೇ ಚೀಲಕ್ಕೆ ಹಾಕಿಕೊಟ್ಟು ಹೇಳಿದ, "ತಗೊಂಡು ಹೋಗಿ ಸಾಹೇಬ್. ಇದನ್ನ ಕುಡಿಯೋನು ಯಾರಾದ್ರೂ ಇದ್ದರೆ ಅವನನ್ನ ನಾವು ಹಿಡಿಯೋ ಅಗತ್ಯ ಇಲ್ಲ. ಅವನಿಗೇ ಎಲ್ಲೂ ಹೋಗೋಕಾಗಲ್ಲ."

ಸೂರತ್ತಿನ ತೂತು

ಬ್ರೇಕು ಸರಿಹೋಯಿತು. ನಿಲ್ಲಿಸಲು ಬಂತು, ಆದರೆ ನಿಲ್ಲಿಸುವಷ್ಟು ಓಡಬೇಕಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಹಿತ್ತಾಳೆಯ ಜೆಟ್ ಇರುತ್ತದೆ, ಅದರ ನಡುವೆ ಸೂಜಿಮೊನೆಯಷ್ಟು ತೂತು. ನಮ್ಮದರಲ್ಲಿ ಆ ತೂತು ಸವೆದು ಅಗಲವಾಗಿ, ಕಾರು ಪೆಟ್ರೋಲನ್ನು ಮಜ್ಜಿಗೆಯ ಹಾಗೆ ಕುಡಿಯುತ್ತಿತ್ತು.

ಕಚೇರಿ ಕೆಲಸದ ಮೇಲೆ ಸೂರತ್ತಿಗೆ ಹೋದಾಗ ಉಪಾಯ ಹೊಳೆಯಿತು. ಅಲ್ಲಿ ಜರಿ ಕೆಲಸದವರು ಬೆಳ್ಳಿಯ ಕಂಬಿಯನ್ನು ಸಣ್ಣ ಸಣ್ಣ ತೂತುಗಳಲ್ಲಿ ಎಳೆದೆಳೆದು ಕೂದಲಿಗಿಂತ ತೆಳ್ಳಗೆ ಮಾಡುತ್ತಾರೆ. ಅಂಥ ತೂತು ಕೊರೆಯುವ ಮುದುಕರೊಬ್ಬರ ಮನೆ ಹುಡುಕಿ ಹೋದೆ. ಅವರು ಭೂತಗನ್ನಡಿಯಲ್ಲಿ ನನ್ನ ಜೆಟ್ಟನ್ನು ನೋಡಿ ನಕ್ಕರು. "ಇದು ತೂತಾ? ಇದರಲ್ಲಿ ಎತ್ತಿನಗಾಡಿ ಹೋಗುತ್ತೆ."

"ಸ್ವಲ್ಪ ಸಣ್ಣದು ಮಾಡಿಕೊಡಿ, ಕಾಕಾ" ಅಂದೆ. ಅಷ್ಟೇ ನಾನು ಮಾಡಿದ ತಪ್ಪು.

ವಾರ ಬಿಟ್ಟು ಹೊಸ ಜೆಟ್ ಕೊಟ್ಟರು. ಬರೋಡಕ್ಕೆ ತಂದು ಹಾಕಿದೆ. ಎಂಜಿನ್ ಎರಡು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಪೆಟ್ರೋಲ್ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಮತ್ತೆ ಸೂರತ್ತಿಗೆ ಹೋಗಿ ದೂರಿದೆ. ಮುದುಕರು ನನ್ನ ತಲೆಯಿಂದಲೇ ಒಂದು ಕೂದಲು ಪಟ್ಟನೆ ಕಿತ್ತು, ಜೆಟ್ಟನ್ನು ಬೆಳಕಿಗೆ ಹಿಡಿದು, ಕೂದಲನ್ನು ತೂತಿನಲ್ಲಿ ತೂರಿಸಲು ನೋಡಿದರು. ಹೋಗಲಿಲ್ಲ. ಅವರ ಮುಖ ಬೆಳಗಿತು. "ನೋಡಿ! ಕೂದಲೂ ಹೋಗದಂಥ ತೂತು. ನಮ್ಮಪ್ಪನಿಗೂ ಇಷ್ಟು ಸಣ್ಣದು ಬರ್ತಿರಲಿಲ್ಲ."

ದೊಡ್ಡದು ಮಾಡಿಕೊಡಿ ಎಂದು ಅಂಗಲಾಚಿದೆ. ಅವರಿಗೆ ಬೇಸರವೇ ಆಯಿತು. ಅಂಥ ಒರಟು ಕೆಲಸಕ್ಕೆ ತಮ್ಮ ಕೈ ಏಳುವುದಿಲ್ಲ, ಪಕ್ಕದ ಓಣಿಯಲ್ಲಿ ಬೀಗ ರಿಪೇರಿಯವನೊಬ್ಬ ಇದ್ದಾನೆ, ಅವನೇನು ಬೇಕಾದರೂ ಕೊರೆಯುತ್ತಾನೆ ಅಂದರು. ಬೀಗದವನು ಎರಡು ನಿಮಿಷದಲ್ಲಿ ಕೊರೆದುಕೊಟ್ಟ, ಅದೇ ಸರಿಯಾಗಿ ಕೂತಿತು.

ನಾನು ಮುದುಕರ ಹೊಸ್ತಿಲು ದಾಟುವಾಗ ಅವರು ನನ್ನ ಬೆನ್ನು ತಟ್ಟಿ ಸಮಾಧಾನ ಹೇಳಿದ್ದರು. "ಮನಸ್ಸಿಗೆ ಹಚ್ಚಿಕೋಬೇಡಿ. ನನ್ನ ತೂತಿನಲ್ಲಿ ದೋಷ ಇಲ್ಲ. ನಿಮ್ಮ ಪೆಟ್ರೋಲೇ ದಪ್ಪ."

ಒರಿಜಿನಲ್ ಪಾರ್ಟು

ಆಮೇಲೆ ಸ್ಟಾರ್ಟರಿನ ಹಲ್ಲುಚಕ್ರ ಕೈಕೊಟ್ಟಿತು. ಊರಾಚೆಯ ಮಕರಪುರದಲ್ಲಿ ಆಗತಾನೇ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಲೇತ್ ಇಟ್ಟುಕೊಂಡಿದ್ದ ಪಟೇಲರೊಬ್ಬರಿಗೆ ಮುರಿದ ಚಕ್ರ ತೋರಿಸಿ ಇಂಥದ್ದೊಂದು ಬೇಕು ಅಂದೆ.

"ಒಂದಾ?" ಅವರು ನನ್ನನ್ನು ಕನಿಕರದಿಂದ ನೋಡಿದರು. "ಡಜನ್ನಿಗೆ ಕಡಿಮೆ ಮಾಡಿದರೆ ನನ್ನ ಮೆಷಿನ್ನಿಗೆ ಅವಮಾನ."

ಹನ್ನೆರಡು ಮಾಡಿದರು. ನನಗೆ ಒಂದು ಕೊಟ್ಟರು. ಮಿಕ್ಕ ಹನ್ನೊಂದನ್ನು ಏನು ಮಾಡುತ್ತೀರಿ ಎಂದರೆ, "ಹಲ್ಲು ಗಟ್ಟಿ ಇದ್ದರೆ ಅಗಿಯೋಕೆ ಏನಾದರೂ ಸಿಕ್ಕೇ ಸಿಗುತ್ತೆ" ಎಂದರು. ಪಟೇಲರ ಬುದ್ಧಿಯ ಬಗ್ಗೆ ನನಗೆ ಸಂಶಯ ಬಂತು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಸ್ಟೇಷನ್ ರಸ್ತೆಯಲ್ಲಿ ಕಾರು ನಿಂತುಹೋಯಿತು. ಹೊಸ ಚಕ್ರ ಸಿಕ್ಕಿಹಾಕಿಕೊಂಡಿತ್ತು. ಬೇವಿನ ಮರದ ಕೆಳಗೆ ನಿಲ್ಲಿಸಿ, ಬಿಚ್ಚಿ, ಕೈಯಲ್ಲಿ ಹಿಡಿದು ಬೆವರು ಸುರಿಸುತ್ತಿದ್ದೆ. ಅಲ್ಲೇ ಕಬ್ಬಿನ ಹಾಲಿನ ಗಾಡಿಯವನೊಬ್ಬ ಇದ್ದ. ಅವನು ಬಂದು ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ತನ್ನ ಮೆಷಿನ್ನನ್ನು ನೋಡಿದ. ನಾನೂ ನೋಡಿದೆ. ಕಬ್ಬು ಹಿಂಡುವ ಉರುಳೆಗಳ ಪಕ್ಕದಲ್ಲಿ, ಇಂಗ್ಲೆಂಡಿನ ಎಂಜಿನಿಯರುಗಳು ಕೂತು ಕೂತು ಯೋಚಿಸಿ ಮಾಡಿದ್ದ ನನ್ನ ಕಾರಿನ ಹಲ್ಲುಚಕ್ರ ಗಲಗಲ ತಿರುಗುತ್ತಿತ್ತು. ಬರೋಡದಲ್ಲಿ ಅಂಥ ಗಾಡಿಗಳು ಇನ್ನೂ ಹತ್ತು ಇದ್ದವೆಂದು ಆಮೇಲೆ ತಿಳಿಯಿತು. ಗುಜರಾತಿನಲ್ಲೇ ಒಂದೇ ಇದ್ದ ಕಾರಿನ ಪಾರ್ಟು ಬೀದಿಬೀದಿಯಲ್ಲಿ ಶುಂಠಿ ನಿಂಬೆಹಣ್ಣಿನ ಜೊತೆ ಸಿಗುವಂತಾಗಿತ್ತು.

ಗಾಡಿಯವನು ತಲೆಯಾಡಿಸಿದ. "ಯಾರೋ ನಿಮಗೆ ಮೋಸ ಮಾಡಿದಾರೆ, ಸಾಹೇಬ್. ಕಬ್ಬಿನ ಮೆಷಿನ್ ಪಾರ್ಟು ಹಾಕಿದರೆ ಕಾರು ಹೇಗೆ ಓಡೀತು? ಒರಿಜಿನಲ್ ಹಾಕಿಸಿ."

ತಾಯಿ ಮಕ್ಕಳು ಕ್ಷೇಮ

ಹಲ್ಲುಚಕ್ರವನ್ನು ಅರದಲ್ಲಿ ಉಜ್ಜಿ ಕೂರಿಸಿದ್ದಾಯಿತು. ಮಳೆಗಾಲಕ್ಕೆ ಗೇರ್‌ಬಾಕ್ಸ್ ಕೆಟ್ಟಿತು. ಇದು ಬರೋಡದಲ್ಲಿ ಆಗುವ ಕೆಲಸವಲ್ಲ ಎಂದರು. ಕಾರನ್ನೇ ಲಾರಿಯ ಮೇಲೆ ಏರಿಸಿ ಅಹಮದಾಬಾದಿಗೆ ಕಳಿಸಿದೆ. ಗ್ಯಾರೇಜಿನ ಯಜಮಾನರು ವಯಸ್ಸಾದ ಜೈನ ಸೇಠರು. ಇರುವೆ ಕಂಡರೆ ದಾರಿ ಬಿಟ್ಟು ನಿಲ್ಲುವಂಥ ಮನುಷ್ಯ. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ನಾನು ಪ್ರತಿ ಶನಿವಾರ ರೈಲು ಹತ್ತುತ್ತಿದ್ದೆ. ಕಾರಿನ ಮಾತೆತ್ತಿದರೆ ಮನೆಯಲ್ಲಿ ರಾಮಾಯಣ ಆಗುತ್ತಿದ್ದುದರಿಂದ ಹೆಂಡತಿಗೆ ಕಚೇರಿ ಕೆಲಸ ಎಂದೇ ಹೇಳುತ್ತಿದ್ದೆ.

ನಾಲ್ಕನೆಯ ವಾರ ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಒಲೆ ಹತ್ತಿರಲಿಲ್ಲ. ಟ್ರಂಕು ನಡುಮನೆಗೆ ಬಂದಿತ್ತು. ಅದರ ಮೇಲೆ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ನೆರೆಮನೆಯ ಬೇನ್, ನಮ್ಮವಳಿಗೆ ಗುಜರಾತಿ ಓದಿಹೇಳುವ ಅಕ್ಕ, ನನ್ನ ಮುಖ ನೋಡದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೆಂಡತಿ ಒಂದು ಕಾರ್ಡು ಮುಂದೆ ಎಸೆದಳು. "ನಿಮ್ಮ ಕಚೇರಿ ಕೆಲಸ ಕಾಗದ ಬರೆದಿದೆ."

ಅಹಮದಾಬಾದಿನ ಕಾರ್ಡು. ಸೇಠರ ಗುಂಡು ಅಕ್ಷರ: "ನಿನ್ನೆ ಬೆಳಗಿನ ಜಾವ ಮೂರು ಮಕ್ಕಳಾಗಿವೆ. ತಾಯಿ ಮಕ್ಕಳು ಕ್ಷೇಮ. ಇನ್ನು ಹದಿನೈದು ದಿನ ತಾವು ಈ ಕಡೆ ಬರುವುದು ಬೇಡ, ತಾಯಿ ತುಂಬ ಹೆದರಿಕೊಳ್ಳುತ್ತಾಳೆ. ಮಕ್ಕಳು ಅವರ ದಾರಿ ಹಿಡಿದ ಮೇಲೆ ಬಂದು ಕರೆದುಕೊಂಡು ಹೋಗಿ."

"ಗುಬ್ಬಿ ಕಣೇ!" ಎಂದು ಕೂಗಿದೆ. "ಡ್ಯಾಶ್‌ಬೋರ್ಡಿನ ಕೆಳಗೆ ಗುಬ್ಬಚ್ಚಿ ಗೂಡು ಕಟ್ಟಿದೆ. ಸೇಠರು ಮರಿ ಹಾರೋವರೆಗೆ ಕಾರು ಮುಟ್ಟೋಲ್ಲ ಅಂತಿದಾರೆ."

ಹೆಂಡತಿ ನಂಬಲಿಲ್ಲ. ಮಾರನೆಯ ಬೆಳಿಗ್ಗೆ ಮೂವರೂ ರೈಲಿನಲ್ಲಿ ಅಹಮದಾಬಾದಿಗೆ ಹೋದೆವು. ಸೇಠರು ತುಟಿಯ ಮೇಲೆ ಬೆರಳಿಟ್ಟು, ಚಪ್ಪಲಿ ಬಿಡಿಸಿ, ಒಬ್ಬೊಬ್ಬರನ್ನೇ ಕಾರಿನ ಹತ್ತಿರ ಬಿಟ್ಟರು. ಬೇನ್ ಮರಿಗಳಿಗೆ ಎಂದು ಅಕ್ಕಿನುಚ್ಚು ತಂದಿದ್ದರು. ಹೆಂಡತಿ ಬಗ್ಗಿ ಬಹಳ ಹೊತ್ತು ನೋಡಿ ಎದ್ದು ನಿಂತಳು. ಮುಖ ಸಡಿಲವಾಗಿತ್ತು.

"ಗುಬ್ಬೀನೇ" ಅಂದಳು. "ಆದರೂ ಸುಳ್ಳು ಹೇಳಿ ಬರೋದಕ್ಕೆ ನಿಮಗೆ ಇದಕ್ಕಿಂತ ದೊಡ್ಡದು ಏನೂ ಸಿಗಲಿಲ್ಲವಾ?"

ಪಾವಾಗಢ

ಮರಿಗಳು ಹಾರಿ, ರಿಪೇರಿಯಾಗಿ ಕಾರು ಮನೆ ಸೇರಿದಾಗ ದೀಪಾವಳಿಗೆ ಮೂರು ದಿನ ಉಳಿದಿತ್ತು. ಬೆಳಿಗ್ಗೆ ಸ್ಟಾರ್ಟರ್ ಒತ್ತಿದೆ. ಮೊದಲ ಸಲಕ್ಕೇ ಎಂಜಿನ್ ಶುರುವಾಯಿತು. ನನ್ನ ಕಿವಿಯನ್ನು ನಾನೇ ನಂಬಲಾಗಲಿಲ್ಲ. ಹೆಂಡತಿ ಸೆರಗನ್ನು ತಲೆಗೆ ಬಿಗಿದು, ಹಲ್ಲು ಕೀಳಿಸಿಕೊಳ್ಳಲು ಹೋಗುವವರ ಮುಖ ಮಾಡಿಕೊಂಡು ಕೂತಳು.

ದಾರಿಯ ಹಾಲೋಲ್ ಊರು ದಾಟುವ ಹೊತ್ತಿಗೆ ಆ ಮುಖ ಇರಲಿಲ್ಲ. "ಸ್ವಲ್ಪ ಜೋರಾಗಿ ಬಿಡೀಂದ್ರೆ, ಆ ಬಸ್ಸಿನವರೆಲ್ಲ ನಮ್ಮನ್ನೇ ನೋಡ್ತಿದಾರೆ" ಅಂದಳು. ಬೆಟ್ಟದ ಬುಡ ತಲುಪಿದೆವು. ಎಂಜಿನ್ ಆರಿಸಲು ನನಗೆ ಧೈರ್ಯವಿರಲಿಲ್ಲ. ನಾನು ಗುರುಗುರು ಎನ್ನುವ ಕಾರಿನಲ್ಲೇ ಕೂತಿದ್ದೆ. ಅವಳು ಇಳಿದು, ಅಮ್ಮನವರಿಗೆ ಕೆಳಗಿನಿಂದಲೇ ಕೈಮುಗಿದು, ತೆಂಗಿನಕಾಯಿ ಒಡೆಸಿಕೊಂಡು ಬಂದಳು. ದಾರಿಯಲ್ಲಿ ಒಂದು ಕಡೆಯೂ ನಿಲ್ಲದೆ ಬರೋಡ ಸೇರಿದೆವು. ಗೆದ್ದೆ ಎಂದುಕೊಂಡೆ. ಸೊಸೈಟಿಯ ಗೇಟಿನಲ್ಲಿ ತಿರುಗಿಸಲು ಕಾರನ್ನು ನಿಧಾನ ಮಾಡಿದೆ.

ಗೇಟಿನ ಬಳಿ ನೆರೆಯ ಗಂಡಸರು ಚಹಾ ಕುಡಿಯುತ್ತಾ ನಿಂತಿದ್ದರು. ಒಂದು ವರ್ಷದ ಅಭ್ಯಾಸ. ನಿಧಾನವಾದ ಕಾರು ಕಂಡದ್ದೇ ಲೋಟಗಳನ್ನು ಕಟ್ಟೆಯ ಮೇಲಿಟ್ಟು ಓಡಿಬಂದು ಆರು ಜನ ಹಿಂದೆ ಕೈಯಿಟ್ಟರು. "ಚಿಂತಾ ನಾ ಕರೋ ಸಾಹೇಬ್, ಅಮೆ ಛೀಏ!" ನಾವಿದ್ದೇವೆ ಎನ್ನುತ್ತಾ ದಬ್ಬಿದರು. ಬಿಡಿ ಬಿಡಿ ಎಂದು ನಾನು ಬಡಿದುಕೊಂಡದ್ದು ಅವರ ಹುರುಪಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮನೆ ಐವತ್ತು ಹೆಜ್ಜೆ ದೂರ. ಹೆಂಡತಿಯ ಕಡೆ ತಿರುಗಿ ನೋಡಲು ಹೆದರಿದೆ.

ಅವಳು ಸೀಟಿನ ಮೇಲೆ ಎದ್ದು ನಿಂತಿದ್ದಳು. ಒಂದು ಕೈಯಲ್ಲಿ ಮುಂದಿನ ಗಾಜು ಹಿಡಿದು, ಇನ್ನೊಂದು ಕೈಯಲ್ಲಿ ಪ್ರಸಾದದ ತೆಂಗಿನ ಹೋಳು ಎತ್ತಿ ಹಿಂದೆ ತಿರುಗಿ ಅಚ್ಚ ಕನ್ನಡದಲ್ಲಿ ಗರ್ಜಿಸಿದಳು. "ಕೈ ತೆಗೀರಿ! ಓಡ್ತಾ ಇರೋದು ಕಾಣಲ್ವಾ? ನನ್ನ ಕಾರಿನ ಮೇಲಿಂದ ಕೈ ತೆಗೀರೀ!"

ಆರು ಜನರಿಗೂ ಭಾಷೆ ಬಾರದಿದ್ದರೂ ಅರ್ಥವಾಯಿತು. ನನಗೂ ಅರ್ಥವಾಯಿತು. ಒಂದು ವರ್ಷ "ನಿಮ್ಮ ಡಬ್ಬ"ವಾಗಿದ್ದದ್ದು ಆ ಗಳಿಗೆಯಲ್ಲಿ "ನನ್ನ ಕಾರು" ಆಗಿತ್ತು. ಗುಜರಿಯವನ ಮಾತು ಅಲ್ಲಿಗೆ ಮುಗಿಯಿತು.

ಸಂಕ್ರಾಂತಿಯ ಗಾಳಿಪಟ ಏಳುವ ಹೊತ್ತಿಗೆ ಅವಳು ಓಡಿಸುವುದನ್ನು ಕಲಿತಿದ್ದಳು. ಒಂದು ಬೆಳಿಗ್ಗೆ ನಾನು ಟೈ ಕಟ್ಟಿಕೊಂಡು ಹೊರಗೆ ಬಂದರೆ ಅವಳು ಸ್ಟೀರಿಂಗಿನ ಹಿಂದೆ ಕೂತಿದ್ದಳು. ಪಕ್ಕದ ಸೀಟಿನಲ್ಲಿ ನೆರೆಮನೆಯ ಬೇನ್, ಮಡಿಲಲ್ಲಿ ತರಕಾರಿ ಚೀಲ. ಇದ್ದದ್ದೇ ಎರಡು ಸೀಟು. ಸ್ಟಾರ್ಟರ್ ಒತ್ತಿದಳು. ಕಾರು ಕೆಮ್ಮಿ ಸುಮ್ಮನಾಯಿತು.

"ಹಿಂದೆ ಹೋಗಿ ಸ್ವಲ್ಪ ತಳ್ಳಿ" ಅಂದಳು.

"ಯಾರೂ ತಳ್ಳಕೂಡದು ಅಂತ ಷರತ್ತು ಹಾಕಿದವಳು ನೀನೇ ಅಲ್ಲವಾ?"

"ಅದು ನಿಮ್ಮ ಕಾರಿಗೆ" ಎಂದು ಸೆರಗು ಬಿಗಿದುಕೊಂಡಳು. "ಹೂಂ, ತಳ್ಳಿ."