ಮಾತು ಎತ್ತಿಕೊಡುವ ಕಾಕಾ

ನಮ್ಮ ಕಾಕಾನ ಧ್ವನಿಯನ್ನು ರೋಣ ತಾಲೂಕಿನ ಅರ್ಧ ಜನ ಕೇಳಿದ್ದಾರೆ, ಮುಖವನ್ನು ಮಾತ್ರ ಯಾರೂ ನೋಡಿಲ್ಲ ಎಂದರೆ ನಂಬುತ್ತೀರಾ? ನಮ್ಮಪ್ಪನ ಈ ತಮ್ಮ ನಲವತ್ತು ವರ್ಷ ಊರೂರ ನಾಟಕಗಳಿಗೆ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುವ ಕೆಲಸ. ಆದರೆ ಕಾಕಾನ ‘ಮೆಲ್ಲಗೆ’ ಎಂಬುದು ಕಡೆಯ ಸಾಲಿನಲ್ಲಿ ಶೇಂಗಾ ಸುಲಿಯುವವರಿಗೂ ಕೇಳುತ್ತಿತ್ತು!

ಪುರ್ತಗೇರಿಯಲ್ಲಿ ಒಮ್ಮೆ ರಾಜನ ಪಾತ್ರ ಜಕ್ಕಲಿಯ ಹೀರೋನದು. ಕಂಠಪಾಠದ ಗೋಜಿಗೇ ಹೋಗದ ಪುಣ್ಯಾತ್ಮ. ಕಿವಿಗೆ ಬಿದ್ದದ್ದನ್ನೆಲ್ಲ ಗರ್ಜಿಸುವುದೇ ಅವನ ಅಭಿನಯ. ಯುದ್ಧಕ್ಕೆ ಹೊರಡುವ ಹೊತ್ತಿಗೆ ಪುಸ್ತಕದ ಪುಟ ತಪ್ಪಿದ ಕಾಕಾ, "ತಡಿ, ಎರಡ ಹಾಳಿ ಕೂಡೇ ಮಗಚೇನಿ" ಎಂದ. ರಾಜ ಕತ್ತಿ ಹಿರಿದು ಅದನ್ನೇ ಗುಡುಗಿದ. ಜನ ಒನ್ಸ್ ಮೋರ್ ಕೇಳಿದರು. ರಾಜ ಮತ್ತೊಮ್ಮೆ ಗುಡುಗಿದ.

ಮಾತು ಎತ್ತಿಕೊಡುವ ಈ ಚಟ ಸುಮ್ಮನೆ ಬಿಟ್ಟೀತೇ? ಕಾಕಾನಿಗೆಂದು ನರಗುಂದಕ್ಕೆ ಕನ್ಯಾ ನೋಡಲು ಹೋದಾಗ ಹಿರಿಯರೊಬ್ಬರು, "ಹುಡುಗ ಮನಸಿಗೆ ಬಂದಾನೇನವಾ?" ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿದಳು, ಕಣ್ಣು ತುಂಬಿದ್ದವು. ಎದುರಿಗೆ ಕೂತಿದ್ದ ನಮ್ಮ ವರಮಹಾಶಯ ಮುಂದೆ ಬಾಗಿ, "ಒಲ್ಲೆ ಅನ್ನು" ಎಂದು ಎತ್ತಿಕೊಟ್ಟ! ಅವಳು "ಒಲ್ಲೆ" ಎಂದಳು. ಎಲ್ಲರೂ ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಅಜ್ಜಿ ಬೈದಿದ್ದಕ್ಕೆ ಕಾಕಾ, "ಮಾತ ಸಿಗಲಾರದ ಒದ್ದಾಡತಿತ್ತಬೇ ಕೂಸು. ನಾ ಹ್ಯಾಂಗ ಸುಮ್ನ ಕುಂದ್ರಲಿ?" ಎಂದ. ಮತ್ತೆ ಯಾವ ಕನ್ಯೆಯನ್ನೂ ನೋಡಲು ಹೋಗಲಿಲ್ಲ.

ನಾಟಕಗಳು ನಿಂತವು. ಈಗ ಗಜೇಂದ್ರಗಡದ ಒಂದು ಖೋಲಿಯಲ್ಲಿ ಒಬ್ಬನೇ ಇರುತ್ತಾನೆ. ಟಿವಿ ಧಾರಾವಾಹಿಯವರು ಸುಮ್ಮನೆ ನಿಂತರೆ ಸಾಕು, ಇವನು ಮಾತು ಎತ್ತಿಕೊಡುತ್ತಾನೆ. ಅವರು ಕೇಳಿಸಿಕೊಳ್ಳುವುದಿಲ್ಲ.

ಹೋದ ತಿಂಗಳು ಹುಡುಗಿಯೊಬ್ಬಳು ಸಾಕ್ಷ್ಯಚಿತ್ರ ಮಾಡುತ್ತೇನೆಂದು ಕ್ಯಾಮೆರಾ ಹೊತ್ತು ಬಂದಳು. ಹಳೆಯ ನಾಟಕಗಳ ನೆನಪು ಬೇಕಂತೆ. ತನ್ನದೇ ಚಿತ್ರ ಎಂದುಕೊಂಡ ಕಾಕಾ ಕ್ಷೌರ ಮಾಡಿಸಿಕೊಂಡ, ಇಸ್ತ್ರಿಯ ಅಂಗಿ ತೊಟ್ಟ, ನೋಡಲು ನನ್ನನ್ನೂ ಕರೆಸಿಕೊಂಡ. ಜೀವಮಾನದಲ್ಲಿ ಮೊದಲ ಸಲ ಬೆಳಕು ಅವನ ಮೇಲೆ ಬಿತ್ತು. ಆದರೆ ಪ್ರಶ್ನೆಗಳೆಲ್ಲ ಈಗ ತೀರಿಹೋಗಿರುವ ಆ ಜಕ್ಕಲಿಯ ರಾಜನನ್ನು ಕುರಿತವು! ಹೇಗೆ ನಡೆಯುತ್ತಿದ್ದರು? ಹೇಗೆ ಗರ್ಜಿಸುತ್ತಿದ್ದರು? ಕಾಕಾನ ಮುಖ ಸಣ್ಣದಾದದ್ದು ನನಗೊಬ್ಬನಿಗೇ ಕಂಡಿತು. ಆದರೂ ಎರಡು ತಾಸು ಒಂದೂ ಬಿಡದೆ ಹೇಳಿದ. ರಾಜನಿಗೆ ಮಾತು ನೆನಪಿರುತ್ತಿರಲಿಲ್ಲ ಎಂಬುದೊಂದನ್ನು ಮಾತ್ರ ಹೇಳಲಿಲ್ಲ.

"ಸಾಕ್ರಿ ಅಜ್ಜಾರ, ಭಾಳ ಚಲೋ ಆತು" ಎಂದು ಹುಡುಗಿ ಕ್ಯಾಮೆರಾ ಬಂದ್ ಮಾಡಲು ಬಗ್ಗಿದಳು.

ಕಾಕಾ ಏಳಲಿಲ್ಲ. "ಇನ್ನೊಂದ ಕೇಳೂದು ಉಳದೈತಲ್ಲವಾ."

"ಏನ್ರಿ ಅದು?"

ಕಾಕಾ ಅವಳ ಕಡೆ ಬಾಗಿ ಎತ್ತಿಕೊಟ್ಟ: "ಆವಾಗ ನೀವ ಎಲ್ಲಿ ನಿಂತಿರ್ತಿದ್ರಿ, ಅನ್ನು."

ಹುಡುಗಿ ಅವನೆದುರು ನೆಲದ ಮೇಲೆ ಕೂತು ಅದನ್ನೇ ಕೇಳಿದಳು. ಕಾಕಾ ಬಾಯಿ ತೆರೆದ, ಮಾತು ಬರಲಿಲ್ಲ. ಎತ್ತಿಕೊಡಲು ಪಕ್ಕದಲ್ಲಿ ನಾನಿದ್ದೆ. ನನಗೂ ಬರಲಿಲ್ಲ.