ಒಂದು ಪರದೆ, ಒಂದು ಹಲಗೆ, ಹದಿನಾಲ್ಕು ಮಂದಿ ಗಣ್ಯರು

ವರ್ಷಕ್ಕೆ ಹನ್ನೆರಡು ಕಾರ್ಯಕ್ರಮ, ಒಂದೊಂದಕ್ಕೆ ಮೂವತ್ತು ಸಾವಿರ. ಊಟ ಅವರದ್ದು, ವ್ಯಾನು ನಮ್ಮದು. ಮೂಡುಬಿದಿರೆಯ ಸಂಘವೊಂದು ನನ್ನ ಮುಂದಿಟ್ಟ ವ್ಯವಹಾರ ಇದು. ಪಾಣೆಮಂಗಳೂರಿನಲ್ಲಿ ಶಾಮಿಯಾನ, ಕುರ್ಚಿ, ಮೈಕ್ ಬಾಡಿಗೆಗೆ ಕೊಡುವ ನನಗೆ ಒಂದು ಆರ್ಕೆಸ್ಟ್ರಾವೂ ಉಂಟು. ಕುರ್ಚಿ ಕೊಟ್ಟರೆ ಕುರ್ಚಿ ಮಾತ್ರ ವಾಪಸು ಬರುತ್ತದೆ. ಆರ್ಕೆಸ್ಟ್ರಾ ಕೊಟ್ಟರೆ ಪ್ರತಿ ಸಲವೂ ಜೊತೆಗೊಂದು ಕಥೆ ಬರುತ್ತದೆ. ಈ ಸಲ ಕಥೆಗಳೇ ಜಾಸ್ತಿ ಬಂದವು.

೧. ವೈವಿಧ್ಯ

ಸಂಘದ ಅಧ್ಯಕ್ಷರು ನಮ್ಮ ತಂಡದ ಫೋಟೋ ನೋಡಿ ಮುಖ ಹುಳಿ ಮಾಡಿದರು. "ಕಾಲ ಬದಲಾಗಿದೆ ಮಾರಾಯ್ರೆ. ಆರ್ಕೆಸ್ಟ್ರಾ ಅಂದರೆ ಎಲ್ಲರೂ ಇರಬೇಕು. ಇದರಲ್ಲಿ ವೈವಿಧ್ಯ ಎಲ್ಲುಂಟು?"

ಬಂಟ್ವಾಳದ ಸುತ್ತಮುತ್ತಲಿನ ಏಳು ಗಂಡಸರು, ಎಲ್ಲರೂ ಐವತ್ತು ದಾಟಿದವರು, ಎಲ್ಲರ ತಲೆಗೂ ಒಂದೇ ಕಂಪನಿಯ ಬಣ್ಣ. ಯುಗಳಗೀತೆಯಲ್ಲಿ ಹೆಣ್ಣಿನ ಭಾಗವನ್ನು ಇಪ್ಪತ್ತು ವರ್ಷದಿಂದ ಕೀಬೋರ್ಡಿನವರೇ ಹಾಡುತ್ತಾರೆ, ಮೀಸೆ ಸಮೇತ. ಯಕ್ಷಗಾನದ ಊರಲ್ಲಿ ಇದನ್ನು ಯಾರೂ ಪ್ರಶ್ನಿಸಿರಲಿಲ್ಲ.

"ವೈವಿಧ್ಯ ಉಂಟು ಸ್ವಾಮೀ," ಎಂದೆ. "ಇಬ್ಬರಿಗೆ ಶುಗರ್, ಮೂವರಿಗೆ ಬಿ.ಪಿ., ಉಳಿದಿಬ್ಬರಿಗೆ ಎರಡೂ."

ಅಧ್ಯಕ್ಷರು ನಗಲಿಲ್ಲ. ಷರತ್ತನ್ನು ಪತ್ರದಲ್ಲಿ ಬರೆದೇ ಕೊಟ್ಟರು: ತಂಡ ಎಲ್ಲರನ್ನೂ ಒಳಗೊಂಡಿರತಕ್ಕದ್ದು, ಮೊದಲ ಕಾರ್ಯಕ್ರಮ ನೋಡಿ ಉಳಿದ ಹನ್ನೊಂದಕ್ಕೆ ಸಹಿ. ಪತ್ರದ ಕೆಳಗೆ ಸಮಿತಿಯವರ ಹನ್ನೊಂದು ಸಹಿ ಇತ್ತು. ಹನ್ನೊಂದೂ ಗಂಡಸರದ್ದು; ಅದರಲ್ಲಿ ಒಂಬತ್ತು ಒಂದೇ ಕುಟುಂಬದ್ದು.

೨. ಪರದೆ

ಹೊಸಬರ ಆಯ್ಕೆಯನ್ನು ಪರದೆಯ ಹಿಂದೆ ಕೂರಿಸಿ ಮಾಡಬೇಕೆಂದು ಅಧ್ಯಕ್ಷರು ಎಲ್ಲೋ ಓದಿದ್ದರು. ಬಾರಿಸುವವರು ಗಂಡೋ ಹೆಣ್ಣೋ, ಯಾವ ಜಾತಿಯೋ ಗೊತ್ತಾಗಬಾರದು. ಸಂಗೀತ ಮಾತ್ರ ಕೇಳಬೇಕು. ಒಳ್ಳೆಯ ಪದ್ಧತಿ. ಪರದೆ ನನ್ನದೇ, ಬಾಡಿಗೆ ಅವರದ್ದು.

ಬೆಳ್ತಂಗಡಿಯ ಒಂದು ಸಣ್ಣ ಹಾಲ್‌ನಲ್ಲಿ ಹಸಿರು ಪರದೆ ಕಟ್ಟಿದೆವು. ಅಧ್ಯಕ್ಷರೇ ತೀರ್ಪುಗಾರರು. ಮೊದಲನೆಯವನು ಕೊಳಲಿನವನು.

"ಹೆಸರು ಹೇಳಬೇಡಿ, ಜಾತಿ ಹೇಳಬೇಡಿ, ನಿಯಮ ಉಂಟು," ಎಂದರು ಅಧ್ಯಕ್ಷರು ಗಂಭೀರವಾಗಿ. ಆಮೇಲೆ ಬಾಯಿ ಸುಮ್ಮನಿರಬೇಕಲ್ಲ? "ಮನೆ ಎಲ್ಲಿ ಆಯ್ತು?"

"ಉಜಿರೆ ಹತ್ತಿರ."

"ಹತ್ತಿರ ಅಂದರೆ? ಗುಡ್ಡೆಯ ಮೇಲಿನ ಮನೆಯಾ, ಕೆಳಗಿನದ್ದಾ?"

"ಮೇಲಿನದ್ದು."

"ಹಾಗಾದರೆ ನೀವು ಆ ಡ್ರಾಯಿಂಗ್ ಮೇಷ್ಟ್ರ ತಂಗಿಯ ಮಗ ಆಗಬೇಕು!"

"ಹೌದು ಮಾವ."

ಇನ್ನೆರಡು ಪ್ರಶ್ನೆಗಳಲ್ಲಿ ಅವನ ಜಾತಿ, ಗೋತ್ರ, ಅಕ್ಕನನ್ನು ಕೊಟ್ಟ ಊರು ಎಲ್ಲ ಹೊರಬಂತು. ಕೊಳಲು ಮಾತ್ರ ಇನ್ನೂ ಚೀಲದಿಂದ ಹೊರಬಂದಿರಲಿಲ್ಲ. ಪರದೆಯೂ ತನ್ನ ಜಾಗದಲ್ಲಿ ಭದ್ರವಾಗಿತ್ತು.

ಕೊನೆಗೆ ರಿದಂ ಪ್ಯಾಡ್, ಕೋಲಿನಲ್ಲಿ ಬಾರಿಸುವ ಕರೆಂಟಿನ ಡ್ರಮ್. ಪರದೆಯ ಹಿಂದಿನಿಂದ ಬಂದ ಪೆಟ್ಟು ಕೇಳಿ ನಮ್ಮ ಹಳೆಯ ತಬಲದವರು ಬಾಯಲ್ಲಿದ್ದ ವೀಳ್ಯ ಅಗಿಯುವುದನ್ನೇ ನಿಲ್ಲಿಸಿದರು. ಅಧ್ಯಕ್ಷರು ತಲೆದೂಗಿ, "ಭೇಷ್! ಮನೆ ಎಲ್ಲಿ ಆಯ್ತು?" ಎಂದರು.

ಒಳಗಿನಿಂದ ಹೆಣ್ಣುಸ್ವರ: "ಅದನ್ನು ಹೇಳಲಿಕ್ಕಿದ್ದರೆ ಪರದೆ ಯಾಕೆ ಕಟ್ಟಿದ್ದು? ಬಾಡಿಗೆ ದಂಡ ಅಲ್ವಾ?"

ಬಾಡಿಗೆಯ ಚಿಂತೆ ಮಾಡುವ ಕಲಾವಿದರನ್ನು ನಾನು ಕಂಡದ್ದು ಅಂದೇ ಮೊದಲು. ಸ್ಥಳದಲ್ಲೇ ಆಯ್ಕೆ ಮಾಡಿದೆ. ಪರದೆ ಸರಿಸಿದರೆ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಮೂವತ್ತೈದರ ಹೆಂಗಸು. ಗುರುವಾಯನಕೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವರು. ಅಧ್ಯಕ್ಷರ ಸಂತೋಷ ಹೇಳತೀರದು. "ಒಬ್ಬರಲ್ಲೇ ಎರಡೂ ಆಯ್ತು!"

ಆಕೆ ಕೇಳಿದರು: "ಸಂಬಳವೂ ಎರಡು ಉಂಟಾ?"

೩. ಅಭ್ಯಾಸ

ಹೊಸಬರ ಜೊತೆ ಸೌಜನ್ಯದಿಂದ ಇರಬೇಕೆಂದು ನಾನು ತಂಡಕ್ಕೆ ಹೇಳಿದ್ದೆ. ಅಷ್ಟು ಹೇಳಬಾರದಿತ್ತು. ಕೀಬೋರ್ಡಿನವರು ಆಕೆಯ ಎದುರು ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ, ಹೊಳೆಯ ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದರು: "ಅಕ್ಕಾ! ಈಗ! ಹಾಡು! ಶುರು!"

"ತೊಂದರೆ ಕಾಲಿಗೆ ಅಣ್ಣಾ, ಕಿವಿಗಲ್ಲ," ಎಂದರು ಆಕೆ. ಕೀಬೋರ್ಡಿನವರು ಹೆಣ್ಣುಸ್ವರದಲ್ಲಿ ಎರಡು ಸಾಲು ಹಾಡಿ ಮುಗಿಸಿದ ಮೇಲೆ ಆಕೆಯೇ ಸೇರಿಸಿದರು: "ಕಿವಿಗೇ ಆಗಿದ್ದರೆ ಒಳ್ಳೆಯದಿತ್ತು."

೪. ಹಲಗೆ

ಮೊದಲ ಕಾರ್ಯಕ್ರಮ ಭಾನುವಾರ ಮಧ್ಯಾಹ್ನ ಮೂರಕ್ಕೆ. ಐದಕ್ಕೆ ಸಭಾಂಗಣ ಬಿಡಬೇಕು, ಆಮೇಲೆ ಯಾರದ್ದೋ ಮೆಹಂದಿ. ವೇದಿಕೆಗೆ ಮೂರು ಮೆಟ್ಟಿಲು. ಸಮಿತಿಯವರು, "ನಾಲ್ಕು ಜನ ಎತ್ತಿ ಕೂರಿಸುವ, ಫೋಟೋ ಚಂದ ಬರ್ತದೆ," ಎಂದರು.

"ನಾನೇನು ಅಕ್ಕಿ ಮೂಟೆಯಾ? ಹಲಗೆ ಹಾಕಿ," ಎಂದರು ಆಕೆ.

ಗೋದಾಮಿನಿಂದ ಉದ್ದದ ಹಲಗೆಗಳನ್ನು ತಂದು, ಮೆಟ್ಟಿಲು ಮುಚ್ಚುವ ಹಾಗೆ ಹಾಸಿ ಇಳಿಜಾರು ಮಾಡಿಸಿದೆ. ಅನಾಹುತ ಆದದ್ದು ಅಲ್ಲಿ. ಅಷ್ಟು ವರ್ಷ ಆ ಮೂರು ಮೆಟ್ಟಿಲು ಕಲೆಯನ್ನು ಕಾಪಾಡಿತ್ತು ಎಂದು ಯಾರಿಗೂ ಹೊಳೆದಿರಲಿಲ್ಲ. ಗಣ್ಯರು ಮೆಟ್ಟಿಲು ನೋಡುತ್ತಿದ್ದರು, ಮೊಣಕಾಲು ನೆನಪಾಗುತ್ತಿತ್ತು, "ನಾವು ಕೆಳಗೇ ಕೂರುವ" ಎನ್ನುತ್ತಿದ್ದರು. ಈಗ ಹಲಗೆ ಉಂಟಲ್ಲ! ಅಧ್ಯಕ್ಷರು ಹತ್ತಿದರು. ಮಾಜಿ ಅಧ್ಯಕ್ಷರು ಹತ್ತಿದರು. ಅವರಿಗಿಂತ ಮಾಜಿಗಳೂ ಹತ್ತಿದರು. ಒಟ್ಟು ಹದಿನಾಲ್ಕು ಮಂದಿ. ಹಲಗೆಯ ಬುಡದಲ್ಲಿ ಸರದಿ ಕಾಯುತ್ತಿದ್ದ ನಮ್ಮ ರಿದಂ ಪ್ಯಾಡಿನವರಿಗೆ ಸ್ವಯಂಸೇವಕನೊಬ್ಬ, "ಅಕ್ಕಾ, ಸ್ವಲ್ಪ ಬದಿಗೆ ನಿಲ್ಲಿ, ಗಣ್ಯರು ಬರ್ತಿದ್ದಾರೆ," ಎಂದ.

ಹದಿನಾಲ್ಕು ಶಾಲು, ಹದಿನಾಲ್ಕು ಹಣ್ಣಿನ ಬುಟ್ಟಿ. ಆಮೇಲೆ ಭಾಷಣ, ಎಲ್ಲರ ವಿಷಯವೂ 'ಎಲ್ಲರಿಗೂ ಅವಕಾಶ'. ನಾಲ್ಕೂವರೆಗೆ ಒಂಬತ್ತನೆಯವರು ಮೈಕ್ ಹಿಡಿದರು. ಒಂದು ಹಾಡೂ ಆಗದಿದ್ದರೆ ಸಹಿಯೂ ಇಲ್ಲ. ಹನ್ನೊಂದು ಕಾರ್ಯಕ್ರಮ ನನ್ನ ಕಣ್ಣೆದುರೇ ಮುಳುಗುತ್ತಿತ್ತು.

ಆಕೆ ನನ್ನನ್ನು ಕರೆದರು. "ಧಣಿಗಳೇ, ಮೇಲೆ ಜಾಗ ಇಲ್ಲ. ನಿಮ್ಮ ವಯರ್ ಎಷ್ಟು ಉದ್ದ ಉಂಟು?"

"ಬೇಕಾದಷ್ಟು."

"ಹಾಗಾದರೆ ಕೆಳಗೇ ಬಾರಿಸುವ."

ವೇದಿಕೆಯ ಮುಂದೆ, ನೆಲದಲ್ಲೇ, ಸದ್ದಿಲ್ಲದೆ ಎಲ್ಲ ಜೋಡಿಸಿದೆವು. ಒಂಬತ್ತನೆಯವರು ನೀರು ಕುಡಿಯಲಿಕ್ಕೆ ನಿಲ್ಲಿಸಿದರು. ಲೋಟ ತುಟಿಗೆ ತಾಗುವ ಮೊದಲೇ ಪ್ಯಾಡಿಗೆ ಪೆಟ್ಟು ಬಿತ್ತು. ಮೀಸೆಯ ಹೆಣ್ಣುಸ್ವರ ಸೇರಿತು. ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದ ಹೆಂಗಸರು ಎದ್ದು ಬಂದು ಕುಣಿದರು. ಹಲಗೆಯ ಬುಡದಲ್ಲಿ ಈಗ ನಮ್ಮ ಸ್ಪೀಕರ್. ಇಳಿಯಲಿಕ್ಕೆ ದಾರಿ ಇಲ್ಲ. ಹದಿನಾಲ್ಕು ಮಂದಿ ಶಾಲು ಹೊದ್ದುಕೊಂಡು, ಕಾಲು ಗಂಟೆ ನಮ್ಮ ಬೆನ್ನು ನೋಡುತ್ತಾ ತಾಳ ಹಾಕಿದರು.

ಐದಕ್ಕೆ ಅಧ್ಯಕ್ಷರು ಇಳಿದು ನೇರ ನನ್ನ ಹತ್ತಿರ ಬಂದರು. ಕರಾರು ಹೋಯಿತು ಎಂದುಕೊಂಡೆ.

"ಒಳ್ಳೇ ಏರ್ಪಾಡು ಮಾರಾಯ್ರೆ!" ಎಂದು ಪೆನ್ನು ತೆಗೆದರು. "ಆರ್ಕೆಸ್ಟ್ರಾ ಮುಗಿಯುವವರೆಗೆ ಒಬ್ಬ ಗಣ್ಯನೂ ಎದ್ದು ಹೋಗದ ಕಾರ್ಯಕ್ರಮ ಇದೇ ಮೊದಲು. ಹನ್ನೊಂದಕ್ಕೂ ಹೀಗೇ ಮಾಡುವ. ಹಲಗೆ ಮಾತ್ರ ಮರೆಯಬೇಡಿ."

ಒಟ್ಟು ಲೆಕ್ಕ ಹೀಗೆ: ಬಂದದ್ದು ಹನ್ನೊಂದು ಕಾರ್ಯಕ್ರಮ, ಹಲಗೆಗೆ ಪ್ರತ್ಯೇಕ ಬಾಡಿಗೆ. ಹೋದದ್ದು ರಿದಂ ಪ್ಯಾಡಿಗೆ ಒಂದೂವರೆ ಸಂಬಳ; ಎರಡರಿಂದ ಇಳಿಸಲಿಕ್ಕೆ ನನಗೆ ಸಾಕುಬೇಕಾಯಿತು. ಹೊಸದಾಗಿ ಒಳಗೊಂಡದ್ದು ಆರ್ಕೆಸ್ಟ್ರಾದೊಳಗೆ ಒಬ್ಬರನ್ನು, ವೇದಿಕೆಯ ಮೇಲೆ ಹದಿನಾಲ್ಕು ಮಂದಿಯನ್ನು.